ಕಣ್ಣಿನ ಶಾನುಭೋಗರು

ಹೋದ ತಿಂಗಳು ನನ್ನ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಳ್ಳಾರಿಯ ಪಾರ್ವತಿನಗರದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಮೂವತ್ತು ಚಿಲ್ಲರೆ ವರ್ಷ ಊರವರ ಕಣ್ಣಿಗೆಲ್ಲ ಹನಿ ಹಾಕಿದ ನರ್ಸು ನಾನು. ನನ್ನ ಕಣ್ಣಿಗೂ ಯಾರೋ ಹನಿ ಹಾಕುವ ಕಾಲ ಬಂತಲ್ಲ ಎಂದು ಸ್ವಲ್ಪ ಸಿಟ್ಟಿನಲ್ಲೇ ಕೂತಿದ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಹೆಸರು, ಊರು, ಬಿಪಿ, ಸಕ್ಕರೆ ಎಲ್ಲ ಕೇಳಿ ಟಕಟಕ ಒತ್ತಿಕೊಂಡಳು. ಕೊನೆಗೆ "ಯಾವ ಕಣ್ಣು ಅಜ್ಜಿ?" ಎಂದಳು. ನಾನು ಬಾಯಲ್ಲಿ ಹೇಳದೆ ಕೈ ಎತ್ತಿ ಬಲಗಣ್ಣು ಮುಟ್ಟಿ ತೋರಿಸಿದೆ.

"ಬಾಯಿಲೆ ಹೇಳಿದ್ರೂ ನಡಿತೈತಿ ಅಜ್ಜಿ" ಎಂದು ಅವಳು ನಕ್ಕಳು.

"ನಡಿಯಂಗಿಲ್ಲವ್ವ. ನಡಿಯಂಗಿಲ್ಲ ಅಂತ ಒಬ್ಬರು ಕಲಿಸ್ಯಾರ ನನಗ" ಎಂದೆ.

ಹಾಗೆ ಕಲಿಸಿದವರು ತೀರಿಕೊಂಡರೆಂದು ಕುರುಗೋಡಿನಿಂದ ಫೋನ್ ಬಂದದ್ದು ನನ್ನ ಆಪರೇಷನ್ ಆದ ಎರಡನೆಯ ದಿನ. ತೊಂಬತ್ತು ದಾಟಿದ್ದರು, ಯಾರೂ ಅಯ್ಯೋ ಎನ್ನುವ ವಯಸ್ಸಲ್ಲ. ಆದರೆ ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ಧೂಳು ಬೀಳಬಾರದು, ಬಗ್ಗಬಾರದು, ಅಳಬಾರದು ಎಂದು ಡಾಕ್ಟರು ಚೀಟಿಯಲ್ಲೇ ಬರೆದಿದ್ದರು. ಎರಡು ಸಲಹೆ ಪಾಲಿಸಿದೆ, ಮೂರನೆಯದು ಆಗಲಿಲ್ಲ. ಅವರನ್ನು ಕೊನೆಯ ಸಲ ನೋಡಲಾಗಲಿಲ್ಲವೆಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಅಣ್ಣಾರು ಎನ್ನುತ್ತಿದ್ದೆ. ಅವರು ನನ್ನನ್ನು ತಂಗೆಮ್ಮ ಎನ್ನುತ್ತಿದ್ದರು. ಊರವರು, ಹಳ್ಳಿಯವರು ಕರೆಯುತ್ತಿದ್ದದ್ದು ಮಾತ್ರ 'ಕಣ್ಣಿನ ಶಾನುಭೋಗ್ರು' ಎಂದು. ಹಳ್ಳಿಯ ಶಾನುಭೋಗರ ದಫ್ತರದಲ್ಲಿ ಯಾರ ಹೊಲ ಎಲ್ಲಿಂದ ಎಲ್ಲಿಗೆ ಎಂದು ಇರುತ್ತಿತ್ತಲ್ಲ, ಹಾಗೆ ಇವರ ದಫ್ತರದಲ್ಲಿ ಯಾರ ಕಣ್ಣು ಎಷ್ಟರ ಮಟ್ಟಿಗೆ ಎಂದು ಇರುತ್ತಿತ್ತು. ಅರವತ್ತರ ದಶಕದ ಕೊನೆಗೆ ನಾನು ಕೆಲಸಕ್ಕೆ ಸೇರಿದಾಗ ಬಳ್ಳಾರಿಯಲ್ಲಿ ನಮ್ಮದು ಒಂದು ಸಣ್ಣ ಧರ್ಮಾರ್ಥ ಕಣ್ಣಿನ ದವಾಖಾನೆ. ಈಗ ಅದಿಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿ ಇದೆ. ಒಬ್ಬ ಡಾಕ್ಟರು, ನಾವಿಬ್ಬರು ನರ್ಸುಗಳು, ಒಬ್ಬ ಜವಾನ, ಮತ್ತು ದಾಖಲೆ ಬರೆಯುವ ಅಣ್ಣಾರು. ಅವರು ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ತಾಲೂಕು ಕಚೇರಿಯೊಂದರಲ್ಲಿ ನಕಲು ಬರೆಯುತ್ತಿದ್ದವರಂತೆ. ತೆಲುಗು ಕನ್ನಡದಷ್ಟೇ ಸಲೀಸು. ಆದವಾನಿ ಕಡೆಯಿಂದ ಬಂದ ಮುದುಕಿಯರ ಹತ್ತಿರ ಅವರು ತೆಲುಗಿನಲ್ಲಿ ಮಾತಿಗೆ ಕೂತರೆ ಕಣ್ಣಿನ ವಿಷಯ ಬಿಟ್ಟು ಸೊಸೆಯ ವಿಷಯವೂ ಹೊರಗೆ ಬರುತ್ತಿತ್ತು.

ಮಾಸಲು ಬಿಳಿ ಪಂಚೆ, ತುಂಬು ತೋಳಿನ ಅಂಗಿ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಒಂದರಲ್ಲಿ ನೀಲಿ ಮಸಿ, ಇನ್ನೊಂದರಲ್ಲಿ ಕೆಂಪು. ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬಂದು, ಡಾಕ್ಟರಿಗಿಂತ ಮೊದಲೇ ಬೀಗ ತೆಗೆಸಿ ಕೂತಿರುತ್ತಿದ್ದರು. ರಿಜಿಸ್ಟರನ್ನು ಹಳೆಯ ಪಂಚೆಯಲ್ಲಿ ಸುತ್ತಿಡುತ್ತಿದ್ದರು. ಮೇಜಿನ ಮೇಲೆ ಚಹಾ ಇಟ್ಟರೆ ಕೆಂಡ ಇಟ್ಟ ಹಾಗೆ ಎದ್ದು ನಿಲ್ಲುತ್ತಿದ್ದರು. ಚಹಾ ಕುಡಿಯಬೇಕಾದರೆ ಹೊರಗಿನ ಬೇವಿನ ಗಿಡದ ಕೆಳಗೆ ಹೋಗಬೇಕು, ಡಾಕ್ಟರಾದರೂ ಅಷ್ಟೆ.

ಮೊದಲ ವಾರವೇ ನಮಗೆ ಜಗಳ ಬಿತ್ತು. ನಾನು ಒಂದು ಕಾರ್ಡಿನಲ್ಲಿ ಏನೋ ತಪ್ಪು ಬರೆದು, ಅದರ ಮೇಲೆ ಮಸಿಯಿಂದ ಗಸಗಸ ತಿಕ್ಕಿ, ಪಕ್ಕದಲ್ಲಿ ಸರಿ ಮಾಡಿ ಬರೆದಿದ್ದೆ. ಅಣ್ಣಾರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

"ಇಲ್ಲಿ ಕೆಳಗ ಏನಿತ್ತು ತಂಗೆಮ್ಮ?"

"ತಪ್ಪಿತ್ತು. ಹೊಡೆದು ಹಾಕೀನಿ."

"ತಪ್ಪು ಏನಿತ್ತು ಅಂತ ನಾಳೆ ಯಾರರ ಕೇಳಿದ್ರ? ಹಿಂಗ ತಿಕ್ಕಬಾರದು. ಒಂದ ಗೆರಿ ಎಳೀರಿ. ಕೆಳಗಿಂದು ಓದಾಕ ಬರಬೇಕು. ಮ್ಯಾಲೆ ಸರಿ ಬರೀರಿ, ಪಕ್ಕಕ್ಕ ನಿಮ್ಮ ಸಹಿ ಹಾಕ್ರಿ. ಕೆಂಪು ಮಸಿಲೆ."

ನಾನು ನರ್ಸಿಂಗ್ ಓದಿ ಬಂದವಳು. ಈ ಗುಮಾಸ್ತರ ಹತ್ತಿರ ಗೆರೆ ಎಳೆಯುವುದನ್ನು ಕಲಿಯಬೇಕೇ ಎಂದು ಮೂಗಿನ ತುದಿಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ ಎಂದು ಕಾಣುತ್ತದೆ, ಎರಡೂ ದಿನ ತಾವೇ ಮಾತಾಡಿಕೊಂಡಿದ್ದರು.

ಕಾರ್ಡುಗಳನ್ನು ಅವರು ಹೆಸರಿನ ಪ್ರಕಾರ ಇಡುತ್ತಿರಲಿಲ್ಲ, ಊರಿನ ಪ್ರಕಾರ ಇಡುತ್ತಿದ್ದರು. ಬೂಟಿನ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಿ ತಂದು, ಒಂದೊಂದು ಊರಿಗೆ ಒಂದೊಂದು ಡಬ್ಬಿ. "ಸಿರಿಗೇರಿ ಒಂದರಾಗ ಈರಮ್ಮದೇರು ಎಷ್ಟು ಮಂದಿ ಅದಾರ ಗೊತ್ತೇನು? ಹೆಸರು ಹಿಡದು ಹೊಂಟ್ರ ನಾವ ಕಳದುಹೋಗ್ತೀವಿ" ಎನ್ನುತ್ತಿದ್ದರು. ಅವರ ಡಬ್ಬಿಗಳಿಂದ ಒಮ್ಮೆ ದೊಡ್ಡ ಉಪಕಾರವೇ ಆಯಿತು. ದೇಶನೂರಿನ ಡಬ್ಬಿ ಬತ್ತದ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಉಬ್ಬುವುದನ್ನು ಅವರು ಗಮನಿಸಿದರು. ಬತ್ತದ ತೆನೆಯ ಮುಳ್ಳಿನಂಥ ಸುಂಕು ಹೊಡೆದು ಕಣ್ಣಲ್ಲಿ ಹುಣ್ಣಾದವರು, ಏನೇನೋ ಸೊಪ್ಪಿನ ರಸ ಹಿಂಡಿಸಿಕೊಂಡು, ಕಣ್ಣು ಕೆಟ್ಟ ಮೇಲೆ ಬರುತ್ತಿದ್ದವರು. ಮುಂದಿನ ವರ್ಷ ಕೊಯ್ಲಿಗೆ ಮೊದಲೇ ಡಾಕ್ಟರು ಆ ಊರಿಗೆ ಹೋಗಿ, ಸುಂಕು ಹೊಡೆದ ದಿನವೇ ಬರ್ರಿ ಎಂದು ಹೇಳಿ, ಶಾಲೆಯ ಮೇಷ್ಟ್ರ ಹತ್ತಿರ ಮುಲಾಮು ಇಟ್ಟು ಬಂದರು. ಆ ವರ್ಷ ದೇಶನೂರಿನ ಡಬ್ಬಿ ತೆಳ್ಳಗಾಯಿತು. ಅಣ್ಣಾರು ಅದನ್ನು ಎತ್ತಿ ಎತ್ತಿ ತೂಗಿ ನೋಡಿ ಖುಷಿಪಟ್ಟರು.

ಇನ್ನು ಷರಾದ ಕಥೆ. ರಿಜಿಸ್ಟರಿನ ಕೊನೆಯ ಕಾಲಮ್ಮಿಗೆ ಷರಾ ಎಂದು ತಲೆಬರಹ. ಬೇರೆ ಕಡೆಯೆಲ್ಲ ಅಲ್ಲಿ ಗುಣಮುಖ ಎಂದು ಬರೆದು ಮುಗಿಸುತ್ತಾರೆ. ಅಣ್ಣಾರು ಪಟ್ಟಿ ಬಿಚ್ಚುವ ದಿನ ರೋಗಿಯ ಎದುರಿಗೆ ಬಂದು ನಿಂತು, ಕಣ್ಣು ಬಿಟ್ಟವರು ಮೊದಲು ಏನು ಕಂಡೆ ಎಂದರೋ ಅದನ್ನು ಬರೆದುಕೊಳ್ಳುತ್ತಿದ್ದರು. ಒಬ್ಬ ಮುದುಕಿಯ ಹೆಸರಿನ ಮುಂದೆ, 'ಗ್ವಾಡಿ ಮ್ಯಾಲೆ ಹಲ್ಲಿ ಐತಿ ಓಡಸ್ರಿ ಎಂದರು.' ಒಬ್ಬ ಹಮಾಲಿಯ ಮುಂದೆ, 'ಕಿಟಕಿಯಿಂದ ಕೋಟೆ ಗುಡ್ಡ ಕಂಡಿತು.' ಕುರುಗೋಡಿನ ಒಬ್ಬ ಹಿರಿಯರ ಮುಂದೆ, 'ನಮ್ಮಾಕಿ ಇಷ್ಟು ಮುದುಕಿ ಯಾವಾಗ ಆದ್ಲು ಎಂದರು. ಹೆಂಡತಿ ಪಕ್ಕದಲ್ಲೇ ಇದ್ದರು.'

ಒಮ್ಮೆ ಮೇಲಿನವರೊಬ್ಬರು ತಪಾಸಣೆಗೆ ಬಂದು ಇದನ್ನು ಓದಿ ಕೆಂಡಾಮಂಡಲವಾದರು. "ಏನ್ರೀ ಇದು, ಕಥೆ ಬರೀತಿದ್ದೀರಾ? ಗುಣಮುಖ ಅಂತ ಬರೀರಿ."

ಅಣ್ಣಾರು ಕೈ ಕಟ್ಟಿಕೊಂಡೇ ಹೇಳಿದರು: "ಗುಣಮುಖ ಅಂದ್ರ ಎಷ್ಟು ಗುಣ ಅಂತ ತಿಳಿಯಂಗಿಲ್ರಿ ಸಾಹೇಬ್ರೆ. ಗ್ವಾಡಿಮ್ಯಾಲಿನ ಹಲ್ಲಿ ಕಂಡೈತಿ ಅಂದ್ರ ಇಷ್ಟು ಕಂಡೈತಿ ಅಂತ ಯಾರಿಗಾದ್ರೂ ತಿಳಿತೈತಿ."

ಸಾಹೇಬರು ರಿಜಿಸ್ಟರು ಮುಚ್ಚಿ ಪಕ್ಕಕ್ಕಿಟ್ಟರು. ಹೋಗುವಾಗ ಇನ್ನೆರಡು ಪುಟ ತಿರುವಿ ಓದಿ, ಮುಖ ಆ ಕಡೆ ತಿರುಗಿಸಿ ನಕ್ಕಿದ್ದನ್ನು ನಾನು ನೋಡಿದೆ.

ಈಗ ಹೇಳಬೇಕಾದದ್ದನ್ನು ಹೇಳಬೇಕು. ಇಷ್ಟು ಹೊತ್ತು ಡಬ್ಬಿ, ಹಲ್ಲಿ ಎಂದು ತಿರುಗಾಡಿದ್ದು ಅಲ್ಲಿಗೆ ಹೋಗಲು ಕಾಲು ಹಿಂದೆಗೆದದ್ದಕ್ಕೇ.

ಆಗೆಲ್ಲ ವರ್ಷಕ್ಕೊಮ್ಮೆ ಸಿರುಗುಪ್ಪದಲ್ಲಿ ಕ್ಯಾಂಪ್ ಮಾಡುತ್ತಿದ್ದೆವು. ರೈಸ್ ಮಿಲ್ಲಿನವರೊಬ್ಬರು ತಮ್ಮ ಗೋಡೌನು ಖಾಲಿ ಮಾಡಿಸಿ ಕೊಡುತ್ತಿದ್ದರು. ಫಿನಾಯಿಲ್ ಹಾಕಿ ಎಷ್ಟು ತೊಳೆದರೂ ಅಕ್ಕಿ ತೌಡಿನ ವಾಸನೆ ಹೋಗುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಜನ ಗಾಡಿ, ಬಸ್ಸು ಹತ್ತಿ ಬರುತ್ತಿದ್ದರು. ಮೊದಲ ದಿನ ತಪಾಸಣೆ, ಮರುದಿನ ಬೆಳಿಗ್ಗೆಯಿಂದ ಆಪರೇಷನ್.

ತಪಾಸಣೆಯಲ್ಲಿ ಒಂದು ಸೂಕ್ಷ್ಮವಿದೆ. ಪೊರೆ ಬಲಿತ ಮೇಲೆ ಎರಡೂ ಕಣ್ಣು ಒಂದೇ ಥರ ಬೆಳ್ಳಗೆ ಕಾಣುತ್ತವೆ. ಆದರೆ ಒಂದರ ಹಿಂದೆ ನರ ಜೀವಂತವಿರಬಹುದು, ಇನ್ನೊಂದರ ಹಿಂದೆ ಸತ್ತಿರಬಹುದು. ಟಾರ್ಚ್ ಬಿಟ್ಟಾಗ ಬೆಳಕು ಗೊತ್ತಾಗುವ ಕಣ್ಣಿಗೆ ಆಪರೇಷನ್ ಮಾಡಿದರೆ ದೃಷ್ಟಿ ಬರುತ್ತದೆ. ಬೆಳಕೇ ಗೊತ್ತಾಗದ ಕಣ್ಣಿಗೆ ಮಾಡಿದರೆ ಗಾಯ ಮಾತ್ರ. ಡಾಕ್ಟರು ಸಾಲಿನಲ್ಲಿ ಕೂತವರಿಗೆ ಒಂದೊಂದೇ ಕಣ್ಣು ಮುಚ್ಚಿ ಟಾರ್ಚ್ ಬಿಡುತ್ತ, "ಈ ಕಡೆ ಇದೆ, ಆ ಕಡೆ ಇಲ್ಲ" ಎಂದು ಕೂಗಿ ಮುಂದೆ ಹೋಗುವರು. ಅವರು ರೋಗಿಯ ಎದುರಿಗೆ ಕೂತವರು. ಅವರ ಈ ಕಡೆ ರೋಗಿಗೆ ಆ ಕಡೆ. ಬರೆಯುವವರು ಎಲ್ಲಿ ಕೂತಿದ್ದಾರೆ ಎನ್ನುವುದರ ಮೇಲೆ ಎಡ ಬಲ ಅದಲುಬದಲಾಗುತ್ತಿತ್ತು. ರೋಗಿಗಳನ್ನೇ "ಬಲಗಣ್ಣೋ ಎಡಗಣ್ಣೋ" ಎಂದು ಕೇಳಿದರೆ ಆ ಗದ್ದಲದಲ್ಲಿ ಗಾಬರಿಬಿದ್ದು ಬಾಯಿಗೆ ಬಂದದ್ದು ಹೇಳುವರು.

ಇದಕ್ಕೆ ಅಣ್ಣಾರು ಒಂದು ಉಪಾಯ ಕಂಡುಹಿಡಿದಿದ್ದರು. ಎಡ ಬಲ ಎನ್ನುವ ಮಾತನ್ನೇ ಬಿಟ್ಟು, "ಅವ್ವಾ, ಬೆಳಕು ಊಟದ ಕೈ ಕಡಿ ಗೊತ್ತಾತೋ, ಇನ್ನೊಂದ ಕಡಿಯೋ?" ಎಂದು ಕೇಳುವರು. ಊಟದ ಕಡೆ ಎಂದರೆ ಕಾರ್ಡಿನಲ್ಲಿ 'ಬಲ' ಎಂದು ಬರೆಯುವರು. "ಯಾವ ಗದ್ದಲದಾಗೂ ಊಟದ ಕೈ ಯಾರೂ ಮರಿಯಂಗಿಲ್ಲ ತಂಗೆಮ್ಮ" ಎಂದು ನನ್ನ ಹತ್ತಿರ ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದರೋ. ಅದು ಶುರುವಾದ ಮೇಲೆ ಒಂದು ಕಾರ್ಡೂ ತಪ್ಪಲಿಲ್ಲ. ಡಾಕ್ಟರು ಬೇರೆ ಊರಿನ ಡಾಕ್ಟರುಗಳ ಮುಂದೆಲ್ಲ ಇದನ್ನು ಹೇಳಿ ಹೊಗಳುತ್ತಿದ್ದರು. ಆ ಕಾರ್ಡಿನ ಮೇಲೆ ಅವರಿಗೆ ಎಷ್ಟು ನಂಬಿಕೆ ಎಂದರೆ ಆಪರೇಷನ್ ಟೇಬಲ್ಲಿನ ಮೇಲೆ ಮತ್ತೆ ಟಾರ್ಚ್ ಬಿಟ್ಟು ನೋಡುವುದನ್ನೂ ಬಿಟ್ಟಿದ್ದರು.

ಎಪ್ಪತ್ತರ ದಶಕದ ಆ ವರ್ಷ ಜನ ವಿಪರೀತ ಸೇರಿದ್ದರು. ಸಿರಿಗೇರಿಯಿಂದ ಹುಲಿಗೆಮ್ಮ ಎನ್ನುವ ಹೆಂಗಸು ಬಂದಿದ್ದಳು. ಅರವತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣು ಬೆಳ್ಳಗೆ. ತಂಗಿಯ ಮಗ ಕರೆತಂದು ಬಿಟ್ಟು, ನೀರು ಕಟ್ಟಬೇಕು ಎಂದು ಗದ್ದೆಗೆ ಹೊರಟುಹೋಗಿದ್ದ. ಒಂದು ಕಣ್ಣಿನಲ್ಲಿ ಬೆಳಕಿದೆ, ಒಂದರಲ್ಲಿ ಇಲ್ಲ ಎಂದು ಡಾಕ್ಟರು ಕೂಗಿದರು. ಅಣ್ಣಾರು ಎಂದಿನಂತೆ ಕೇಳಿದರು. "ಊಟದ ಕೈ ಕಡಿ ಯಪ್ಪಾ" ಎಂದಳು. 'ಬಲ' ಎಂದು ಕಾರ್ಡಿಗೂ ರಿಜಿಸ್ಟರಿಗೂ ಬಿತ್ತು.

ಆಪರೇಷನ್ನಿಗೆ ಮೊದಲು ಆ ಕಣ್ಣಿನ ರೆಪ್ಪೆಗೂದಲು ಕತ್ತರಿಸಬೇಕು, ಯಾವ ಕಣ್ಣೆಂದು ಗುರುತಿಗೆ ಹುಬ್ಬಿನ ಮೇಲೆ ಪ್ಲಾಸ್ಟರಿನ ತುಂಡು ಅಂಟಿಸಬೇಕು. ಅದು ನನ್ನ ಕೆಲಸ. ಸಂಜೆ ಐದರ ಸುಮಾರಿಗೆ ಹುಲಿಗೆಮ್ಮನ ಸರದಿ ಬಂತು. ಕೂದಲು ಕಣ್ಣಿಗೆ ಬೀಳದಂತೆ ಕತ್ತರಿಗೆ ಮುಲಾಮು ಸವರಿ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿದೆ. ಅವಳು ಸಣ್ಣ ದನಿಯಲ್ಲಿ "ಈ ಕಣ್ಣೇನವ್ವ?" ಎಂದಳು.

ಇನ್ನೂ ಅರ್ಧ ಸಾಲು ಬಾಕಿಯಿತ್ತು. ಸೊಂಟ ಬಿದ್ದುಹೋಗಿತ್ತು. "ಸುಮ್ನಿರವ್ವ, ಅಳ್ಳಾಡಬ್ಯಾಡ, ಕತ್ತರಿ ಐತಿ" ಎಂದು ಗದರಿದೆ. ಅವಳು ಸುಮ್ಮನಾದಳು.

ಮರುದಿನ ಬೆಳಿಗ್ಗೆ ರೋಗಿಗಳಿಗೆ ಎಲೆ ಹಾಕಿ ಸ್ವಲ್ಪ ಸ್ವಲ್ಪ ಉಪ್ಪಿಟ್ಟು ಕೊಡುತ್ತಿದ್ದರು. ಜನ ಕಡಿಮೆ ಬಿದ್ದು ಅಣ್ಣಾರೇ ಸೌಟು ಹಿಡಿದಿದ್ದರು. ಒಳಗೆ ಡಾಕ್ಟರು ಎರಡನೆಯ ಆಪರೇಷನ್ ಮುಗಿಸುತ್ತಿದ್ದರು. ನಾನು ಸಾಮಾನಿನ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ. ಜವಾನ ಮೂರನೆಯವಳೆಂದು ಹುಲಿಗೆಮ್ಮನನ್ನು ಕರೆತಂದು ಮಲಗಿಸಿದ. ಡಾಕ್ಟರು ಬಲಗಣ್ಣಿನ ಸುತ್ತ ಕೆಂಪು ಔಷಧಿ ಬಳಿದರು, ಇಂಜೆಕ್ಷನ್ನಿಗೆ ಕೈ ಚಾಚಿದರು.

ಆಗ ಬಾಗಿಲು ದೂಡಿಕೊಂಡು ಅಣ್ಣಾರು ಬಂದರು. ಕಾಲಲ್ಲಿ ಚಪ್ಪಲಿ. ಕೈಯಲ್ಲಿ ಉಪ್ಪಿಟ್ಟಿನ ಸೌಟು.

"ಚಪ್ಪಲಿ! ಚಪ್ಪಲಿ!" ಎಂದು ಡಾಕ್ಟರು ಕಿರುಚಿದರು.

"ನಿಲ್ಲಸ್ರಿ ಸಾಹೇಬ್ರೆ! ಕಣ್ಣು ಬ್ಯಾರೆ ಐತ್ರಿ!"

ನಡೆದದ್ದು ಇಷ್ಟು. ಹುಲಿಗೆಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ಉಪ್ಪಿಟ್ಟು ತಿಂದಿದ್ದಳು. ಅಣ್ಣಾರು ಎರಡನೆಯ ಸಲ ಬಡಿಸಲು ಬಗ್ಗಿದಾಗ ಅವಳು ಎಡಗೈಯಲ್ಲಿ ತಿನ್ನುತ್ತಿರುವುದು ಕಣ್ಣಿಗೆ ಬಿದ್ದಿತ್ತು. ಬಲಗೈ ಸೆರಗಿನೊಳಗಿತ್ತು. ಮುಂದಿನ ಎಲೆಗೆ ಹೋಗಿ, ಅದರ ಮುಂದಿನ ಎಲೆಗೂ ಹೋಗಿ, ಅಲ್ಲಿ ಅವರ ಸೌಟು ನಿಂತಿತ್ತು. ತಿರುಗಿ ನೋಡಿದರೆ ಅವಳ ಜಾಗ ಖಾಲಿ.

ಡಾಕ್ಟರು ಟಾರ್ಚ್ ತರಿಸಿದರು. ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಬಿಟ್ಟರು. "ಏನೂ ಇಲ್ಲ ಯಪ್ಪಾ, ಕತ್ತಲಿ." ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಬಿಟ್ಟರು. "ಹಾಂ, ಬಂತು ನೋಡು ಬೆಳಕು."

ಸೆರಗು ಸರಿಸಿ ನೋಡಿದರೆ ಬಲಗೈಗೆ ಬೆರಳೇ ಇಲ್ಲ. ಮದುವೆಯಾದ ಹೊಸದರಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕು ಹೋದದ್ದಂತೆ. ಅಂದಿನಿಂದ ಅವಳಿಗೆ ಊಟದ ಕೈ ಎಂದರೆ ಎಡಗೈ. ಇನ್ನೊಂದು ಕ್ಷಣ ಕಳೆದಿದ್ದರೆ ಸತ್ತ ಕಣ್ಣಿಗೆ ಕತ್ತಿ ಬೀಳುತ್ತಿತ್ತು. ಪಟ್ಟಿ ಬಿಚ್ಚಿದ ದಿನ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಇನ್ನೊಂದು ಕಣ್ಣಿಗೆ ಮಾಡಿಸಿಕೋ ಎಂದರೆ ಅವಳೂ ಬರುತ್ತಿರಲಿಲ್ಲ, ಸಿರಿಗೇರಿಯಿಂದ ಬೇರೆ ಯಾರೂ ಬರುತ್ತಿರಲಿಲ್ಲ. ಆ ಬೆಳಕಿನ ಕಣ್ಣು ಹಾಗೇ ಪೊರೆಯ ಹಿಂದೆ ಉಳಿಯುತ್ತಿತ್ತು.

"ಈ ಕಾರ್ಡ್ ಬರೆದವರು ಯಾರು?" ಎಂದರು ಡಾಕ್ಟರು. ಯಾರೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ.

"ನಾನ್ರಿ. ತಪ್ಪು ನಂದು" ಎಂದರು ಅಣ್ಣಾರು. ಸೌಟು ಇನ್ನೂ ಕೈಯಲ್ಲೇ ಇತ್ತು.

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ನಿನ್ನೆ ಸಂಜೆ ಇವಳು ನನ್ನನ್ನು ಕೇಳಿದ್ದಳು, ನಾನು ಗದರಿ ಬಾಯಿ ಮುಚ್ಚಿಸಿದೆ ಎನ್ನಬೇಕಿತ್ತು. ತಟ್ಟೆ ಹಿಡಿದುಕೊಂಡು ನಿಂತೆ, ಅಷ್ಟೆ. ಹುಲಿಗೆಮ್ಮನಾದರೂ ಹೇಳುತ್ತಾಳೇನೋ ಎಂದು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಅವಳೂ ಹೇಳಲಿಲ್ಲ. ಡಾಕ್ಟರು ಅವಳನ್ನು ಕೊನೆಗೆ ಮಾಡೋಣವೆಂದು ಹೊರಗೆ ಕಳಿಸಿದರು. ಎಡಗಣ್ಣಿನ ರೆಪ್ಪೆ ಕತ್ತರಿಸಲು ಕೂತಾಗ ಮೊದಲು ಕತ್ತರಿ ಕೆಳಗಿಟ್ಟೆ. "ಯಾವ ಕಣ್ಣವ್ವಾ, ನೀನ ಮುಟ್ಟಿ ತೋರ್ಸು" ಎಂದೆ. ಮುಟ್ಟಿ ತೋರಿಸಿದಳು.

ಅವತ್ತು ಆಪರೇಷನ್ನುಗಳು ಮುಗಿದ ಮೇಲೆ ಅಣ್ಣಾರು ರಿಜಿಸ್ಟರು ಬಿಚ್ಚಿ, 'ಬಲ' ಎನ್ನುವುದರ ಮೇಲೆ ಒಂದೇ ಗೆರೆ ಎಳೆದು, ಮೇಲೆ 'ಎಡ' ಎಂದು ಬರೆದು, ಪಕ್ಕದಲ್ಲಿ 'ಕೇಳಿದ ರೀತಿ ತಪ್ಪು' ಎಂದು ಬರೆದು ಸಹಿ ಮಾಡಿದರು. ಎಲ್ಲ ಕೆಂಪು ಮಸಿಯಲ್ಲಿ. ಆಮೇಲೆ ಎರಡೂ ಪೆನ್ನು ನನ್ನ ಮುಂದಿಟ್ಟರು.

"ನಾಳಿಂದ ನೀವ ಬರೀರಿ ತಂಗೆಮ್ಮ. ನನ್ನ ಕೈಲೆ ಆಗಂಗಿಲ್ಲ."

ಐದು ದಿನ ಅವರು ಮೇಜಿನ ಹತ್ತಿರ ಬರಲಿಲ್ಲ. ನೀರು ಸೇದಿದರು, ಎಲೆ ಎತ್ತಿದರು, ಮುದುಕರನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬಂದರು. ನಾನು ಅವರ ಪೆನ್ನಿನಲ್ಲಿ ಬರೆಯುತ್ತ, ಪ್ರತಿ ಸಲ ಮುಚ್ಚಳ ತೆಗೆದಾಗಲೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ನನಗೆ ಕೆಲಸ ಹೋಗುವ ಭಯ. ಮನೆಯಲ್ಲಿ ನನ್ನ ಸಂಬಳ ನೆಚ್ಚಿಕೊಂಡವರು ನಾಲ್ಕು ಮಂದಿ. ಇದು ಸಬೂಬು ಎಂದು ಆಗಲೂ ಗೊತ್ತಿತ್ತು.

ಪಟ್ಟಿ ಬಿಚ್ಚುವ ದಿನ ಬಂತು. ಆಗಿನ ಕಾಲದಲ್ಲಿ ಕಣ್ಣೊಳಗೆ ಮಸೂರ ಇಡುತ್ತಿರಲಿಲ್ಲ. ಪೊರೆ ತೆಗೆದ ಮೇಲೆ ದಪ್ಪ ಕನ್ನಡಕ ಹಾಕಿದರೇ ಸರಿಯಾಗಿ ಕಾಣುವುದು. ನಾನು ಹುಲಿಗೆಮ್ಮನ ಪಟ್ಟಿ ಬಿಚ್ಚಿ, ಕಣ್ಣು ಒರೆಸಿ, ಪರೀಕ್ಷೆಯ ದಪ್ಪ ಗಾಜನ್ನು ಎದುರಿಗೆ ಹಿಡಿದೆ. ಡಾಕ್ಟರು, ಮಿಲ್ಲಿನವರು, ಜವಾನ, ಅಡುಗೆಯವರು, ಎಲ್ಲರೂ ಬಂದು ನಿಂತಿದ್ದರು. ಅಣ್ಣಾರು ಮಾತ್ರ ದೂರದ ಕಂಬದ ಹಿಂದಿದ್ದರು.

ಹುಲಿಗೆಮ್ಮ ಕಣ್ಣು ಪಿಳುಕಿಸಿದಳು. ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಇಷ್ಟು ಮಂದಿ ನಿಂತೀರಿ, ಒಬ್ಬರಿಗೂ ಕೆಲಸ ಇಲ್ಲೇನು?" ಎಂದಳು.

ಗೋಡೌನು ತುಂಬ ನಗು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ನಗು ನಿಂತ ಮೇಲೆ ಅವಳು ಕೇಳಿದಳು: "ಊಟದ ಕೈ ಯಾವುದು ಅಂತ ಕೇಳಿದಾತ ಎಲ್ಲಿ?" ಅಣ್ಣಾರು ಕಂಬದ ಹಿಂದಿನಿಂದ ಮೆಲ್ಲಗೆ ಬಂದರು. ಅವಳು ಅವರ ಮುಖ ನೋಡಿ ಹೇಳಿದಳು: "ನಾ ಸುಳ್ಳು ಹೇಳಿಲ್ಲಪಾ."

"ಇಲ್ಲವ್ವಾ. ನೀ ಖರೇನ ಹೇಳಿದಿ. ಕೇಳಿದಾವ ನಾ, ಕೇಳಾಕ ಬರಲಿಲ್ಲ ನನಗ."

"ಹೋಗ್ಲಿ ಬಿಡು. ಉಪ್ಪಿಟ್ಟು ಚಲೋ ಇತ್ತು" ಎಂದಳು ಹುಲಿಗೆಮ್ಮ.

ಅಣ್ಣಾರು ನನ್ನ ಕಡೆ ಕೈ ಚಾಚಿದರು. ನಾನು ನೀಲಿ ಪೆನ್ನು ಕೊಟ್ಟೆ. ನಿಂತಲ್ಲೇ ರಿಜಿಸ್ಟರನ್ನು ಮುಂಗೈ ಮೇಲಿಟ್ಟುಕೊಂಡು ಷರಾ ಬರೆದರು: 'ಇಷ್ಟು ಮಂದಿ ನಿಂತೀರಿ, ಒಬ್ಬರಿಗೂ ಕೆಲಸ ಇಲ್ಲೇನು ಎಂದರು.'

ಬಳ್ಳಾರಿಗೆ ವಾಪಸಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಪ್ರೆಸ್ಸಿಗೆ ಹೋಗಿ ಹೊಸ ಕಾರ್ಡು ಮಾಡಿಸಿದ್ದು. ಅದರಲ್ಲಿ ಒಂದು ಮುಖ, ಎರಡು ಕಣ್ಣು. ಬೆಳಕು ಗೊತ್ತಾಗುವ ಕಣ್ಣನ್ನು ರೋಗಿ ತನ್ನ ಕೈಯಿಂದಲೇ ಮುಟ್ಟಿ ತೋರಿಸಬೇಕು, ಯಾವ ಕೈಯಾದರೂ ಸರಿ. ಅದನ್ನು ನೋಡಿ ಕಾರ್ಡಿನ ಕಣ್ಣಿಗೆ ಗುರುತು ಹಾಕಬೇಕು. ಪ್ಲಾಸ್ಟರ್ ಅಂಟಿಸುವ ಮೊದಲು ಇನ್ನೊಮ್ಮೆ ಮುಟ್ಟಿಸಬೇಕು, ಕತ್ತಿ ಹಿಡಿಯುವ ಮೊದಲು ಮತ್ತೊಮ್ಮೆ. ಡಾಕ್ಟರು ಮೊದಲು ಗೊಣಗಿದರು, ಆಮೇಲೆ ತಾವೇ ನಮಗಿಂತ ಜೋರಾಗಿ "ಮುಟ್ಟಿ ತೋರಿಸಮ್ಮ" ಎನ್ನತೊಡಗಿದರು. ಊಟದ ಕೈಯ ಉಪಾಯ ತಮ್ಮದೇ ಆಗಿದ್ದರೂ ಅದನ್ನು ಕೈಬಿಡಲು ಅಣ್ಣಾರಿಗೆ ಒಂದು ದಿನ ಬೇಕಾಗಲಿಲ್ಲ. ತಮ್ಮ ಬುದ್ಧಿವಂತಿಕೆಯನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟವರನ್ನು ನಾನು ಆಮೇಲೆ ನೋಡಿಲ್ಲ.

ಎಂಬತ್ತರ ದಶಕದ ನಡುವೆ ಅವರು ನಿವೃತ್ತರಾದರು. ಶಾಲು ಹೊದಿಸಿ, ಹಾರ ಹಾಕಿ, ಡಾಕ್ಟರು ಭಾಷಣ ಮಾಡಿದರು. ಎಲ್ಲರೂ ಬೇವಿನ ಗಿಡದ ಕೆಳಗೆ ಚಹಾಕ್ಕೆ ಹೋದಾಗ ಅಣ್ಣಾರು ಒಬ್ಬರೇ ಒಳಗೆ ಡಬ್ಬಿಗಳ ಮೇಲೆ ಕೈ ಆಡಿಸುತ್ತ ನಿಂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಅಷ್ಟು ವರ್ಷ ಹೊತ್ತುಕೊಂಡಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಸಿರಿಗೇರಿಯ ಹುಲಿಗೆಮ್ಮ ಆ ಸಂಜೆ ನನ್ನನ್ನು ಕೇಳಿದ್ದಳು ಅಣ್ಣಾರೆ, ನಾನು ಗದರಿಸಿ ಸುಮ್ಮನಿರಿಸಿದೆ, ತಪ್ಪು ನಿಮ್ಮೊಬ್ಬರ ಮೇಲೇ ಬಿತ್ತು.

ಬೈಯುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ಹೋಗಲಿ ಬಿಡ್ರಿ ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕಪಾಟಿನಿಂದ ಹಳೆಯ ರಿಜಿಸ್ಟರು ತೆಗೆದರು, ಪಂಚೆ ಬಿಚ್ಚಿದರು, ನಾಲ್ಕು ಸಲ ತಿರುವಿದ್ದರಲ್ಲಿ ಆ ಪುಟಕ್ಕೆ ಬಂದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿ ನನಗೆ ಕೊಟ್ಟರು.

"ಬರೀರಿ."

"ಈಗೇನು ಉಪಯೋಗ ಅಣ್ಣಾರೆ?"

"ನಾಳೆ ಇದನ್ನ ಓದೋರು, ಕೇಳಾಕ ಬರದ ಒಬ್ಬ ಗುಮಾಸ್ತನಿಂದ ತಪ್ಪಾತು ಅಂತ ತಿಳಕೋತಾರ. ಅದು ಅರ್ಧ ಆತು. ಆಕಿ ಹೇಳಾಕ ಬಂದಿದ್ಲು, ಕೇಳೋರು ಇರಲಿಲ್ಲ ಅನ್ನೋದೂ ಇರಬೇಕಲ್ಲ."

ಷರಾದ ಕೆಳಗೆ ಉಳಿದಿದ್ದ ಸಣ್ಣ ಜಾಗದಲ್ಲಿ ಬರೆದೆ: 'ರೆಪ್ಪೆ ಕತ್ತರಿಸುವಾಗ ಈ ಕಣ್ಣೇನವ್ವ ಎಂದು ಕೇಳಿದ್ದರು. ನಾನು ಸುಮ್ಮನಿರು ಎಂದೆ.' ಸಹಿ ಹಾಕಿದೆ. ಅಣ್ಣಾರು ಮಸಿ ಹೀರುವ ಕಾಗದ ಒತ್ತಿ, ಎರಡು ಸಲ ಓದಿ, ರಿಜಿಸ್ಟರು ಮುಚ್ಚಿದರು. "ಈಗ ಪೂರ್ತಿ ಆತು ನೋಡ್ರಿ" ಎಂದರು. ಆಮೇಲೆ, ಚಹಾ ಆರುತ್ತದೆ ಎಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಆ ಕೆಂಪು ಪೆನ್ನು ನನ್ನ ಹತ್ತಿರವೇ ಉಳಿಯಿತು. ಕೊಟ್ಟರೋ, ವಾಪಸು ಕೇಳುವುದು ಮರೆತರೋ ಗೊತ್ತಿಲ್ಲ. ಆ ದಿನ ಬಿಟ್ಟರೆ ಅವರು ಯಾವುದನ್ನೂ ಮರೆತದ್ದು ನಾನು ಕಂಡಿಲ್ಲ.

ಪಾರ್ವತಿನಗರದ ಆಸ್ಪತ್ರೆಯ ಒಂದು ಸಂಗತಿ ಹೇಳುವುದು ಉಳಿದಿದೆ. ಕಣ್ಣಿಗೆ ಧೂಳು ಬೀಳುವ ಭಯ ಕಳೆದ ಮೇಲೆ ಕುರುಗೋಡಿನ ಬಸ್ಸು ಹತ್ತಿ ಅಣ್ಣಾರಿಗೆ ಇದನ್ನು ನಾನೇ ಹೇಳಿ ಬರಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಫೋನ್ ಬಂತು.

ಆಪರೇಷನ್ನಿನ ದಿನ ಬೆಳಿಗ್ಗೆ ನನ್ನನ್ನು ಮಲಗಿಸಿದ್ದರು. ಹೊರಗೆ ಇನ್ನೂ ಹತ್ತು ಹನ್ನೆರಡು ಜನರ ಸಾಲಿತ್ತು. ಕಂಪ್ಯೂಟರಿನಲ್ಲಿ ನನ್ನ ಹೆಸರು ಬರೆದುಕೊಂಡಿದ್ದ ಅದೇ ಹುಡುಗಿ ಗಡಿಬಿಡಿಯಿಂದ ಬಂದು, ನನ್ನ ಬಲಗಣ್ಣಿನ ರೆಪ್ಪೆ ಎತ್ತಿ, ಹನಿ ಬಾಟಲಿ ಬಗ್ಗಿಸಿದಳು. ನನಗೆ ಗೊತ್ತು, ಅದೇ ಸರಿಯಾದ ಕಣ್ಣು. ಆದರೂ ನನ್ನ ಬಾಯಿಂದ ಸಣ್ಣ ದನಿಯಲ್ಲಿ ಬಂದುಬಿಟ್ಟಿತು.

"ಈ ಕಣ್ಣೇನವ್ವ?"

ಹುಡುಗಿಯ ಕೈ ನಿಂತಿತು. ಸಾಲಿನ ಕಡೆ ಒಮ್ಮೆ ನೋಡಿದಳು. "ಒಂದ ನಿಮಿಷ ಅಜ್ಜಿ" ಎಂದು ಬಾಟಲಿ ಕೆಳಗಿಟ್ಟು, ಕಂಪ್ಯೂಟರಿನ ಹತ್ತಿರ ಹೋಗಿ, ನನ್ನ ಹೆಸರು ತೆಗೆದು, ಬೆರಳಿಟ್ಟು ಓದಿ ವಾಪಸು ಬಂದಳು.

"ಬಲಗಣ್ಣು ಅಂತ ಐತ್ರಿ" ಎಂದಳು. "ಆದ್ರೂ ನೀವೂ ಒಮ್ಮೆ ಮುಟ್ಟಿ ತೋರಸ್ರಿ."

ನಾನು ಕೈ ಎತ್ತಿ ಮುಟ್ಟಿ ತೋರಿಸಿದೆ.